ಕೊಟ್ಟಿಗೆ ಬರಿದಾದ ವರ್ಷದ ಹಾಡು

ಸಾವಿನ ಮನೆಯಲ್ಲಾಗಲಿ, ಬೆಳೆ ಕೈಕೊಟ್ಟ ವರ್ಷದ ಆರಾಧನೆಯಲ್ಲಾಗಲಿ, ಪ್ರಸಂಗ ಮಾಡುವವರು ಬೈಬಲಿನ ಹಬಕ್ಕೂಕ ಪ್ರವಾದಿಯ ಪುಸ್ತಕ ತೆರೆದರೆ ನೇರ ಕೊನೆಗೇ ಹೋಗುತ್ತಾರೆ. ಏನೂ ಉಳಿಯದಿದ್ದರೂ ಕರ್ತನಲ್ಲಿ ಉಲ್ಲಾಸಪಡುತ್ತೇನೆಂಬ ಮಾತು ಓದಿ, ಅಳಬೇಡಿ ಎಂದು ಮುಗಿಸುತ್ತಾರೆ. ಇದು ಅರ್ಧ ಓದು; ಅರ್ಧ ಓದಿದ ಸಾಂತ್ವನ ಗದರಿಕೆಯಂತೆ ಕೇಳಿಸುತ್ತದೆ. ಮೂರು ಅಧ್ಯಾಯ, 56 ವಚನಗಳ ಈ ಪುಸ್ತಕ ಶುರುವಾಗುವುದೇ ತಕರಾರಿನಿಂದ. ಎಷ್ಟು ದಿನ ಕೂಗಲಿ, ಯಾಕೆ ಕೇಳಿಸಿಕೊಳ್ಳುತ್ತಿಲ್ಲ ಎಂದು ಪ್ರವಾದಿ ದೇವರನ್ನೇ ಕೇಳುತ್ತಾನೆ. ಉತ್ತರ ಬಂದರೂ ಸುಮ್ಮನಾಗನು. ಮತ್ತೆ ವಾದಿಸಿ, ಗೋಪುರ ಹತ್ತಿ ಕಾಯುತ್ತ ನಿಲ್ಲುತ್ತಾನೆ.

ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಂದು ಈ ಪುಸ್ತಕವೂ ಸೇರಿದ ಬೈಬಲನ್ನು ಕನ್ನಡಕ್ಕೆ ತರಲು ಕೂತದ್ದು ಬಳ್ಳಾರಿಯಲ್ಲಿ. ಈ ಸೀಮೆಯವರಿಗೆ ಹಬಕ್ಕೂಕನ ಕೊನೆಯ ಪಟ್ಟಿಯನ್ನು ಬಿಡಿಸಿ ಹೇಳಬೇಕಿಲ್ಲ: ಅಂಜೂರ, ದ್ರಾಕ್ಷಿ, ಎಣ್ಣೆಮರ (ಆಲಿವ್), ಹೊಲ, ಕುರಿಹಟ್ಟಿ, ದನದ ಕೊಟ್ಟಿಗೆ. ಎಣ್ಣೆಮರವೊಂದು ಪರದೇಶದ್ದು, ಅಂಜೂರಕ್ಕಂತೂ ಬಳ್ಳಾರಿಯೇ ಹೆಸರುವಾಸಿ. ಪಟ್ಟಿ ಇಳಿಯುವ ಕ್ರಮ ನೋಡಿ. ಹಣ್ಣು ಹೋದರೆ ತಡೆದುಕೊಳ್ಳಬಹುದು, ಹೊಲ ಹೋದರೆ ಊಟ ಹೋಯಿತು, ಕೊಟ್ಟಿಗೆ ಬರಿದಾದರೆ ಮುಂದಿನ ವರ್ಷದ ಉಳುಮೆಯೂ ಹೋಯಿತು. 1876–78ರ ಬರದಲ್ಲಿ ಬಳ್ಳಾರಿ ಕಂಡದ್ದು ಇದನ್ನೇ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟು ಕೊಚ್ಚಿಹೋದಾಗ ದೇಶನೂರು, ಸಿರುಗುಪ್ಪದ ಭತ್ತದ ಗದ್ದೆಯವರು ಹೆದರಿದ್ದೂ ಇದಕ್ಕೇ. ಹಬಕ್ಕೂಕನದು ನಷ್ಟವನ್ನು ಒಂದೊಂದಾಗಿ ಎಣಿಸಿದ ಮೇಲೆ ಬರುವ ಆನಂದ. ಲೆಕ್ಕ ಮರೆಸಿ ಕೊಡುವ ಸಮಾಧಾನವಲ್ಲ.

ದುಃಖದಲ್ಲಿದ್ದವರ ಮುಂದೆ ದೂರಿನ ಮಾತೆತ್ತಿದರೆ ನಂಬಿಕೆ ಸಡಿಲವಾದೀತೆಂಬ ಅಂಜಿಕೆ ಸಭೆಗಳಲ್ಲಿದೆ. ಆದರೆ ಮೂರನೆಯ ಅಧ್ಯಾಯವನ್ನು ತಂತಿವಾದ್ಯದೊಡನೆ ಹಾಡಬೇಕೆಂದು ಪುಸ್ತಕವೇ ಸೂಚಿಸುತ್ತದೆ. ಅಂದರೆ ಆ ಅಧ್ಯಾಯದ ನಡುಕವೂ ಬರಿಗೈಯೂ ಆರಾಧನೆಯ ಒಳಗಿನವೇ. ಲಾಜರನ ಗೋರಿಯ ಬಳಿ, ಅವನನ್ನು ಸಾವಿನಿಂದ ಎಬ್ಬಿಸಲಿದ್ದ ಯೇಸುವೇ ಅತ್ತನಲ್ಲ! ಎಲ್ಲ ಕಳೆದರೂ ಉಲ್ಲಾಸಪಡುವ ಇಂಥ ನಿರೀಕ್ಷೆ ಬಡವರನ್ನು ಬಾಯಿಮುಚ್ಚಿ ಕೂರಿಸುತ್ತದೆ ಎಂಬ ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಕೊನೆಯ ವಚನಗಳನ್ನಷ್ಟೇ ಓದಿದರೆ ಅದು ನಿಜವೂ ಹೌದು. ಎರಡನೆಯ ಅಧ್ಯಾಯ ಓದಿದರೆ ಅಲ್ಲ: ಅಡವಿನ ವಸ್ತು ಗುಡ್ಡೆಹಾಕಿಕೊಂಡವನಿಗೆ, ರಕ್ತ ಸುರಿಸಿ ಪಟ್ಟಣ ಕಟ್ಟಿದವನಿಗೆ ಅಲ್ಲಿ ಸಾಲು ಸಾಲು ಧಿಕ್ಕಾರಗಳಿವೆ. ಆ ಪುಟಗಳನ್ನು ಬಿಟ್ಟು ಓದುವವರು ಪುಸ್ತಕದ ಮೇಲಲ್ಲ, ತಮ್ಮ ಓದಿನ ಮೇಲೇ ಆಕ್ಷೇಪ ತಂದುಕೊಳ್ಳುತ್ತಾರೆ. ಮೂರು ಅಧ್ಯಾಯವನ್ನೂ ಸಾವಿನ ಮನೆಯಲ್ಲಿ ನಿಧಾನವಾಗಿ ಓದಿದರೂ ಹತ್ತು ನಿಮಿಷ ಸಾಕು.