578ನೆಯ ವರ್ಷ: ಸಭಾಚರಿತ್ರೆಯ ಪಾಠ ಬಿಟ್ಟದ್ದು

ಸಭಾಚರಿತ್ರೆಯ ಪಾಠಗಳಲ್ಲಿ 578ನೆಯ ವರ್ಷ ಬಹುಮಟ್ಟಿಗೆ ಒಂದು ಸಾಲಿನಲ್ಲಿ ಮುಗಿಯುತ್ತದೆ: ಅಕ್ಟೋಬರಿನಲ್ಲಿ ಚಕ್ರವರ್ತಿ ಎರಡನೆಯ ಜಸ್ಟಿನ್ ತೀರಿಕೊಂಡನು, ಟೈಬೀರಿಯಸ್ ಏಕಾಧಿಪತಿಯಾದನು. ಸಿಂಹಾಸನವನ್ನೇ ಅಳತೆಗೋಲಾಗಿಸುವ ಈ ಕ್ರಮ ನಮಗೆ ಒಪ್ಪಿಗೆಯಿಲ್ಲ.

ಆ ವರ್ಷದ ಜುಲೈ 30ರಂದು ಎದೆಸ್ಸದ ಬಿಷಪ್ ಯಾಕೋಬ್ ಬರದಾಯಸ್ ಅಲೆಕ್ಸಾಂಡ್ರಿಯಕ್ಕೆ ಹೋಗುವ ದಾರಿಯಲ್ಲಿ ನಿಧನರಾದರು. ಕ್ಯಾಲ್ಸಿಡನ್ ಮಹಾಸಭೆಯ ನಿರ್ಣಯವನ್ನು ಒಪ್ಪದ ಸಭೆಗಳಿಗಾಗಿ, ಚಿಂದಿಬಟ್ಟೆಯಲ್ಲಿ ಗುರುತು ಮರೆಸಿಕೊಂಡು ಊರೂರು ಅಲೆದು ಯಾಜಕರನ್ನು ಅಭಿಷೇಕಿಸಿದವರು ಇವರು. 'ಏಕಸ್ವಭಾವವಾದಿ' ಎಂಬ ಹಣೆಪಟ್ಟಿ ಹಚ್ಚಿ ಮುಂದೆ ಸಾಗುವ ಪಾಠವು, ಕ್ರಿಸ್ತನ ಮನುಷ್ಯತ್ವವನ್ನು ಇವರು ಅಲ್ಲಗಳೆಯಲಿಲ್ಲವೆಂಬುದನ್ನು ಹೇಳುವುದಿಲ್ಲ. ಭೀಮನಬೀಡಿನ ವಿಶ್ವಾಸಿಯೊಬ್ಬನು ವಯನಾಡಿಗೆ ಹೋದರೆ ಅಲ್ಲಿ 'ಯಾಕೋಬಾಯ' ಸಭೆಗಳನ್ನು ಕಾಣುತ್ತಾನೆ. ಆ ಹೆಸರು ಇವರಿಂದಲೇ ಬಂದದ್ದು.

ಅದೇ ವರ್ಷ, ಕಾರ್ತಿಕ ಹುಣ್ಣಿಮೆಯಂದು, ಮಂಗಳೇಶನು ಬಾದಾಮಿಯ ಮೂರನೆಯ ಗುಹೆಯಲ್ಲಿ ವಿಷ್ಣುವನ್ನು ಪ್ರತಿಷ್ಠಾಪಿಸಿ ಪುಣ್ಯಫಲವನ್ನು ಅಣ್ಣ ಕೀರ್ತಿವರ್ಮನಿಗೆ ಅರ್ಪಿಸಿದನು. ಸಂಸ್ಕೃತ ಶಾಸನಕ್ಕೆ ಅದು ಶಕವರ್ಷ 500. ಅಲ್ಲಿನ ಕನ್ನಡ ಬರಹವು ಗುಹಾಲಯವನ್ನು ಸರಳವಾಗಿ 'ಕಲ್ಮನೆ' ಎನ್ನುತ್ತದೆ. ಸಿರಿಯದವರ ಲೆಕ್ಕದಲ್ಲಿ ಯಾಕೋಬರ ಮರಣವಾದದ್ದು 889ರಲ್ಲಿ. ನಾವು ಸಹಜವೆಂದು ಬಗೆದಿರುವ ಕ್ರಿಸ್ತಶಕವನ್ನು ದಿಯೊನೀಸಿಯಸ್ ರೂಪಿಸಿ ಆಗ ಅರ್ಧ ಶತಮಾನವಷ್ಟೇ ಕಳೆದಿತ್ತು. ಎದೆಸ್ಸದಲ್ಲಾಗಲಿ ಬಾದಾಮಿಯಲ್ಲಾಗಲಿ ಅದು ಬಳಕೆಯಲ್ಲಿರಲಿಲ್ಲ.

ಬಾದಾಮಿಯ ಗುಹೆಗೂ ಸಭಾಚರಿತ್ರೆಗೂ ಏನು ಸಂಬಂಧವೆಂಬ ಆಕ್ಷೇಪ ಬರಬಹುದು. ಸಭಾಪಾಲಕರು ಇಂದು ಪ್ರಸಂಗ ಮಾಡುವ ನುಡಿ ಅಂದು ಆ ಬಂಡೆಯ ಮೇಲಿತ್ತು. ಅದನ್ನಾಡಿದ ಜನರ ನಡುವೆ ದೇವರು ಸಾಕ್ಷಿಯಿಲ್ಲದೆ ಇದ್ದನೆಂದು ನಮ್ಮ ಪಾಠದ ಮೌನ ಸೂಚಿಸುವುದಾದರೆ, ಅಪೊಸ್ತಲರ ಕೃತ್ಯಗಳ 14ನೆಯ ಅಧ್ಯಾಯದಲ್ಲಿ ಪೌಲನು ಲುಸ್ತ್ರದವರಿಗೆ ಹೇಳಿದ್ದನ್ನು ನಾವು ಹೇಗೆ ಬೋಧಿಸೋಣ?