ಉಪಸಂಹಾರಭೇದಗಳೂ ಲುಪ್ತಭಾಗಗಳೂ: ಒಂದು ವಿಡಿಯೋ ಆಟದ ಪಾಠವಿಚಾರ

ಕೃತಿಯೊಂದಕ್ಕೆ ಒಂದೇ ಉಪಸಂಹಾರವಿರಬೇಕೆಂಬುದು ನಾವು ಬಹುಕಾಲದಿಂದ ವಿಚಾರಿಸದೆಯೇ ಒಪ್ಪಿಕೊಂಡು ಬಂದಿರುವ ಮಾತು. ವಿಡಿಯೋ ಆಟವೆಂಬ ಈಚಿನ ಕಥಾಪ್ರಕಾರವು ಈ ನಂಬಿಕೆಯನ್ನು ಎರಡು ಬಗೆಯಾಗಿ ಅಲುಗಿಸಿದೆ. ಆಟಗಾರನ ನಡತೆಗೆ ತಕ್ಕಂತೆ ಕಥೆಯು ಬೇರೆ ಬೇರೆಯಾಗಿ ಮುಗಿಯುವುದು ಒಂದು. ಕರ್ತೃಗಳು ರಚಿಸಿ ಕಡೆಗೆ ಕೈಬಿಟ್ಟ ಭಾಗಗಳು ಆಟದ ಕಡತಗಳಲ್ಲಿಯೇ ಉಳಿದು, ಮುಂದೆ ಅಭಿಮಾನಿಗಳ ಪ್ರಯತ್ನದಿಂದ ಬೆಳಕಿಗೆ ಬರುವುದು ಮತ್ತೊಂದು. ಇವೆರಡನ್ನೂ ಒಂದೇ ಎಂಬಂತೆ ಚರ್ಚಿಸುವ ವಾಡಿಕೆಯುಂಟು. ಅದು ತೊಡಕಿಗೆ ಮೂಲವೆಂದು ನಮ್ಮ ಅಭಿಪ್ರಾಯ. ಮೊದಲನೆಯದು ವಿಕಲ್ಪ, ಅದರ ಕವಲುಗಳೆಲ್ಲವೂ ಕರ್ತೃಸಮ್ಮತ. ಎರಡನೆಯದು ಲೋಪ, ಅದಕ್ಕೆ ಕರ್ತೃವಿನ ಸಮ್ಮತಿಯುಂಟೇ ಎಂಬುದೇ ವಿಚಾರಣೀಯ.

ವಿಕಲ್ಪದ ವಿಷಯದಲ್ಲಿ ಹೇಳಬೇಕಾದುದು ಸ್ವಲ್ಪ. ಬಿತ್ತಿದ ಬೀಜಕ್ಕೆ ತಕ್ಕ ಫಲವು ನಿರ್ವಹಣಸಂಧಿಯಲ್ಲಿ ಕಾಣಬೇಕೆಂಬ ನಾಟಕಲಕ್ಷಣವು ಇಲ್ಲಿಯೂ ಸಲ್ಲುವುದು. ೨೦೧೨ರ ಮಾರ್ಚಿಯಲ್ಲಿ ಪ್ರಕಟವಾದ ‘ಮಾಸ್ ಎಫೆಕ್ಟ್ ೩’ ಎಂಬ ಆಟದಲ್ಲಿ ಆಟಗಾರನು ಮೂರು ಆಟಗಳುದ್ದಕ್ಕೂ ಮಾಡಿಕೊಂಡು ಬಂದ ನಿರ್ಣಯಗಳು ಕಡೆಗೆ ಕೆಂಪು, ನೀಲಿ, ಹಸಿರು ಬಣ್ಣಗಳ ಮೂರು ಆಯ್ಕೆಗಳಲ್ಲಿ ಕೊನೆಗೊಂಡುವು. ಆ ಮೂರರ ದೃಶ್ಯಗಳೂ ಬಹುಮಟ್ಟಿಗೆ ಒಂದೇ ಆಗಿದ್ದುದರಿಂದ ಆಟಗಾರರು ಬಲವಾಗಿ ಪ್ರತಿಭಟಿಸಿದರು. ಅದೇ ವರ್ಷದ ಜೂನ್ ೨೬ರಂದು ನಿರ್ಮಾಪಕರು ವಿಸ್ತೃತವಾದ ಉಪಸಂಹಾರವೊಂದನ್ನು ಉಚಿತವಾಗಿ ಒದಗಿಸಿದರು. ಆಯ್ಕೆಗಳನ್ನೆಲ್ಲ ನಿರಾಕರಿಸುವ ನಾಲ್ಕನೆಯ ಮುಕ್ತಾಯವೂ ಅದರಲ್ಲಿ ಸೇರಿತು. ಮುಕ್ತಾಯಗಳ ಸಂಖ್ಯೆ ಹೆಚ್ಚಿದ ಮಾತ್ರಕ್ಕೆ ಸ್ವಾರಸ್ಯವು ಹೆಚ್ಚುವುದಿಲ್ಲ, ಆಟಗಾರನ ಕರ್ಮಕ್ಕೂ ಫಲಕ್ಕೂ ಸಂಬಂಧ ತೋರಬೇಕು ಎಂಬುದಕ್ಕೆ ಈ ಪ್ರಸಂಗವೇ ಸಾಕ್ಷಿ.

ಲೋಪದ ಪ್ರಶ್ನೆಯು ಇದಕ್ಕಿಂತ ಗಹನವಾದುದು. ಅಬ್ಸಿಡಿಯನ್ ಸಂಸ್ಥೆಯವರು ರಚಿಸಿದ ‘ಸ್ಟಾರ್ ವಾರ್ಸ್: ನೈಟ್ಸ್ ಆಫ್ ದಿ ಓಲ್ಡ್ ರಿಪಬ್ಲಿಕ್ ೨: ದಿ ಸಿತ್ ಲಾರ್ಡ್ಸ್’ ಎಂಬ ಆಟವು ಇದಕ್ಕೆ ಉತ್ತಮ ನಿದರ್ಶನ. ಸಂಸ್ಥೆಯು ಸ್ಥಾಪಿತವಾದುದು ೨೦೦೩ರಲ್ಲಿ. ಆಟವು ಎಕ್ಸ್‌ಬಾಕ್ಸ್ ಯಂತ್ರಕ್ಕೆ ಹೊರಬಿದ್ದುದು ೨೦೦೪ರ ಡಿಸೆಂಬರಿನಲ್ಲಿ. ಕಾಲಾವಕಾಶದ ಕೊರತೆಯಿಂದ ಕಥೆಯ ಕಡೆಯ ಭಾಗವು ಬಹಳವಾಗಿ ಮೊಟಕಾಯಿತು. ಎಚ್‌ಕೆ-೪೭ ಎಂಬ ಯಂತ್ರಪಾತ್ರವು ತನ್ನನ್ನು ಹೋಲುವ ಯಂತ್ರಗಳು ಸಿದ್ಧವಾಗುವ ಕಾರ್ಖಾನೆಯನ್ನು ಹುಡುಕಿ ಹೋಗುವ ಪ್ರಸಂಗವೂ, ಎಂ೪-೭೮ ಎಂಬ ಯಂತ್ರಲೋಕವೂ ಹೀಗೆ ಬಿಟ್ಟುಹೋದುವು. ಆದರೆ ಲುಪ್ತಭಾಗಗಳಿಗೆ ಸೇರಿದ ಧ್ವನಿಮುದ್ರಣಗಳೂ ಸಂಭಾಷಣೆಗಳೂ ಕಡತಗಳಲ್ಲಿ ಉಳಿದಿದ್ದುವು. ಇವುಗಳನ್ನು ಕೂಡಿಸಿ ಅಭಿಮಾನಿಗಳು ಸಿದ್ಧಪಡಿಸಿದ ‘ರಿಸ್ಟೋರ್ಡ್ ಕಂಟೆಂಟ್ ಮಾಡ್’ ಎಂಬ ಪುನಃಸ್ಥಾಪಿತ ಪಾಠವು ೨೦೦೯ರಲ್ಲಿ ಸಾರ್ವಜನಿಕರಿಗೆ ದೊರೆಯಿತು.

ಪೂರ್ವಪಕ್ಷವು ಹೀಗಿದೆ: ಕರ್ತೃವು ಬರೆದುದು, ನಟರು ನುಡಿದುದು, ಒತ್ತಾಯದಿಂದ ಬಿಟ್ಟುದು, ಆದುದರಿಂದ ಅದನ್ನು ಮರಳಿ ಸೇರಿಸುವುದೇ ನ್ಯಾಯ. ಈ ವಾದದಲ್ಲಿ ಅರ್ಧ ಸತ್ಯವಿದೆ. ಬಿಡುಗಡೆಯಾದ ರೂಪದಲ್ಲಿ, ಮಲಕೋರ್ ಎಂಬ ಗ್ರಹದ ಮೇಲೆ ಅದನ್ನೇ ನಾಶಮಾಡುವ ಕಾರ್ಯದಲ್ಲಿ ತೊಡಗಿರುವ ಚಿಕ್ಕ ಯಂತ್ರವನ್ನು ಜಿ೦-ಟಿ೦ ಎಂಬ ಪಾತ್ರವು ತಡೆಯುತ್ತದೆ. ಅಲ್ಲಿಗೆ ದೃಶ್ಯವು ಕಡಿದುಹೋಗುತ್ತದೆ. ಸನ್ಮಾರ್ಗದ ಮುಕ್ತಾಯದಲ್ಲಿ ಗ್ರಹವು ನಾಶವಾಗುವುದನ್ನು ನೋಡುತ್ತೇವೆ. ಆ ತಡೆಯು ಹೇಗೆ ನಿವಾರಣೆಯಾಯಿತೆಂಬುದನ್ನು ಮಾತ್ರ ಕಾಣೆವು. ಕಾರಣವಿಲ್ಲದೆ ಕಾರ್ಯವು ನಿಂತಿರುವ ಇಂತಹ ಎಡೆಯಲ್ಲಿ ಪೂರಣವು ಸಮರ್ಥನೀಯವೇ ಸರಿ.

ಆದರೆ ಕಾರ್ಖಾನೆಯ ಪ್ರಸಂಗಕ್ಕೆ ಈ ಸಮರ್ಥನೆಯು ಒದಗದು. ಕಥೆಯು ತನ್ನ ಕೊನೆಯ ಘಟ್ಟಕ್ಕೆ ಇಳಿಯುತ್ತಿರುವಾಗ ನಾಯಕನನ್ನು ಬಿಟ್ಟು ಒಂದು ಯಂತ್ರದ ಹಿಂದೆ ದೀರ್ಘವಾಗಿ ನಡೆಯುವುದರಿಂದ ಗತಿಯು ಕುಂದುತ್ತದೆ. ಈ ಆಟದ ಜೀವವೆಲ್ಲ ಕ್ರೇಯಾ ಎಂಬ ವೃದ್ಧ ಗುರುವಿಗೂ ಶಿಷ್ಯಸ್ಥಾನದಲ್ಲಿರುವ ಆಟಗಾರನಿಗೂ ನಡೆಯುವ ವಾದದಲ್ಲಿದೆ. ಸೋತ ಕ್ರೇಯಾ ಸಂಗಡಿಗರ ಮುಂದಿನ ಬಾಳನ್ನು ಭವಿಷ್ಯವಾಣಿಯಂತೆ ನುಡಿಯುವಳು. ಉಪಸಂಹಾರವನ್ನು ತೋರದೆ ನುಡಿದದ್ದು ಕೊರತೆಯಿಂದಲೇ ಇರಬಹುದು. ಆದರೂ ತಾನು ದ್ವೇಷಿಸಿದ ಲೋಕದ ಭವಿತವ್ಯವನ್ನು ತನ್ನ ಬಾಯಿಂದಲೇ ಹೇಳಿ ಸಾಯುವ ಆಕೆಯ ಗಾಂಭೀರ್ಯವು ಆ ಕೊರತೆಯನ್ನು ಗುಣವಾಗಿಸಿದೆ. ಬಿಟ್ಟುದೆಲ್ಲವೂ ನಷ್ಟವಲ್ಲ.

ಸಾಹಿತ್ಯದಲ್ಲಿ ಇದಕ್ಕೆ ಹೋಲಿಕೆಯುಂಟು. ಡಿಕನ್ಸ್ ತನ್ನ ‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’ ಕಾದಂಬರಿಯ ಕೊನೆಯನ್ನು ಬುಲ್ವರ್-ಲಿಟನ್ನನ ಸಲಹೆಯಂತೆ ಬದಲಿಸಿ ೧೮೬೧ರಲ್ಲಿ ಪ್ರಕಟಿಸಿದನು. ಮೊದಲ ಮುಕ್ತಾಯವು ಫಾರ್ಸ್ಟರನ ಜೀವನಚರಿತ್ರೆಯಿಂದ ೧೮೭೪ರಲ್ಲಿ ತಿಳಿದುಬಂತು. ವಿಮರ್ಶಕರು ಇಂದಿಗೂ ಪಕ್ಷಗಳಾಗಿ ನಿಂತಿರುವರು. ಆದರೆ ಯಾವುದು ಪ್ರಕಟವಾದುದು, ಯಾವುದು ಕೈಬಿಟ್ಟುದು ಎಂಬ ವಿಷಯದಲ್ಲಿ ಯಾರಿಗೂ ಭ್ರಮೆಯಿಲ್ಲ.

ಆಟದ ವಿಷಯದಲ್ಲಿ ಈ ಭ್ರಮೆಯೇ ನಮ್ಮ ಆತಂಕಕ್ಕೆ ಕಾರಣ. ಪುನಃಸ್ಥಾಪಿತ ಪಾಠವನ್ನು ಅಳವಡಿಸಿಕೊಂಡವನಿಗೆ ಮೂಲವೂ ಪೂರಣವೂ ಒಂದಾಗಿ ಬೆರೆತು ತೋರುತ್ತವೆ. ಪುಣೆಯ ಭಂಡಾರಕರ ಸಂಶೋಧನಸಂಸ್ಥೆಯವರು ೧೯೧೯ರಿಂದ ೧೯೬೬ರ ವರೆಗೆ ಮಹಾಭಾರತವನ್ನು ಪರಿಷ್ಕರಿಸಿದಾಗ ಅಧಿಕಭಾಗಗಳನ್ನು ಅಳಿಸಲಿಲ್ಲ, ಮೂಲದೊಳಗೆ ಬೆರೆಸಲೂ ಇಲ್ಲ. ಅಡಿಟಿಪ್ಪಣಿಗಳಲ್ಲಿಯೂ ಅನುಬಂಧಗಳಲ್ಲಿಯೂ ಕಾಪಾಡಿದರು. ಎಂ೪-೭೮ ಲೋಕವನ್ನು, ಹೊಸದಾಗಿ ರಚಿಸಿದ ಅಂಶಗಳು ಸೇರಿರುವುದರಿಂದ, ಅಭಿಮಾನಿಗಳು ಪ್ರತ್ಯೇಕವಾಗಿಯೇ ಇರಿಸಿರುವುದು ಇದೇ ವಿವೇಕದ ಲಕ್ಷಣವಾಗಿ ನಮಗೆ ತೋರುತ್ತದೆ.

ಹಾಗೆಂದು ಅಭಿಮಾನಿಗಳ ಶ್ರಮವನ್ನು ಹಳಿಯುವುದು ಕೃತಘ್ನತೆಯಾದೀತು. ೨೦೨೨ರಲ್ಲಿ ಸ್ವಿಚ್ ಯಂತ್ರಕ್ಕೆ ಈ ಆಟವನ್ನು ತಂದ ಆಸ್ಪೈರ್ ಸಂಸ್ಥೆಯವರು ಲುಪ್ತಭಾಗಗಳನ್ನು ಕೊಡುವುದಾಗಿ ಘೋಷಿಸಿ, ೨೦೨೩ರ ಜೂನಿನಲ್ಲಿ ಆ ಯೋಜನೆಯನ್ನೇ ಕೈಬಿಟ್ಟರು. ಹಕ್ಕುದಾರರು ಮಾಡದ ರಕ್ಷಣೆಯನ್ನು ವೇತನವಿಲ್ಲದ ಓದುಗರು ಮಾಡಿರುವರು. ಅವರಲ್ಲಿ ನಮ್ಮ ಬಿನ್ನಹವಿಷ್ಟೇ: ಬಿಡುಗಡೆಯಾದ ರೂಪವನ್ನು ಕೆಡಿಸದೆ ಉಳಿಸುವುದು, ಮರಳಿ ಸೇರಿಸಿದುದನ್ನೂ ಹೊಸದಾಗಿ ಬರೆದುದನ್ನೂ ಬೇರೆ ಬೇರೆ ಗುರುತುಗಳಿಂದ ತೋರಿಸುವುದು, ಪ್ರತಿಯೊಂದು ಪೂರಣಕ್ಕೂ ಆಧಾರವನ್ನು ಹೇಳುವುದು. ಹೀಗಾಗದಿದ್ದರೆ ನಾಳಿನ ವಿದ್ಯಾರ್ಥಿಯು ಕರ್ತೃವು ಪ್ರಕಟಿಸದ ಕೃತಿಯನ್ನು ಕರ್ತೃವಿನದೆಂದು ವಿಮರ್ಶಿಸುವನು. ಪ್ರಕ್ಷೇಪಗಳ ವಿವೇಚನೆಯಲ್ಲಿ ಪಳಗಿದ ವಿದ್ವಾಂಸರು ಈ ಹೊಸ ಕ್ಷೇತ್ರದತ್ತಲೂ ಗಮನವಿಡಬೇಕೆಂದು ಪ್ರಾರ್ಥಿಸುತ್ತೇವೆ.