ತುಪ್ಪ, ತೂಪ: ಗಡಿಯ ಒಂದು ಶಬ್ದದ ವ್ಯಾಕರಣ

ಕಾಗಲ, ಗಡಹಿಂಗ್ಲಜ ಭಾಗದ ಭಾಷೆಯ ಮಾತು ಬಂದಾಗೆಲ್ಲ ಮರಾಠಿಯಲ್ಲಿರುವ ಕನ್ನಡ ಶಬ್ದಗಳ ಪಟ್ಟಿ ಬರುತ್ತದೆ: ಅಣ್ಣಾ, ಅಕ್ಕಾ, ತೂಪ, ಅಡಕಿತ್ತಾ. ಈ ದಾರಿಯನ್ನು ಗಟ್ಟಿ ಮಾಡಿದವರು ಶಂಬಾ ಜೋಶಿ. 1933ರ ‘ಕಣ್ಮರೆಯಾದ ಕನ್ನಡ’ದಲ್ಲಿ ಅವರು ಸ್ಥಳನಾಮ, ಶಬ್ದಗಳನ್ನೇ ಸಾಕ್ಷಿಯಾಗಿ ಹಿಡಿದು ಕನ್ನಡದ ಹಳೆಯ ಹರವನ್ನು ಗುರುತಿಸಿದರು. ಆ ಕೆಲಸದ ಮೇಲೆ ಗೌರವ ಇಟ್ಟುಕೊಂಡೇ ಒಂದು ಪ್ರಶ್ನೆ ಕೇಳ್ತೀನಿ: ಶಬ್ದ ಒಂದೇ ಇದ್ದರೆ ಸಾಕೇನ್ರಿ?

‘ತುಪ್ಪ’ವನ್ನೇ ನೋಡೋಣ. ಅರ್ಥ ಒಂದೇ; ಎರಡೂ ಭಾಷೆಯಲ್ಲಿ ನಪುಂಸಕಲಿಂಗ. ಆದರೆ ಕನ್ನಡದಲ್ಲಿ ಗುಣವಾಚಕ ಅಲುಗಾಡುವುದಿಲ್ಲ: ಒಳ್ಳೆ ತುಪ್ಪ, ಒಳ್ಳೆ ಹೋಳಿಗಿ. ಮರಾಠಿಯಲ್ಲಿ ‘ಚಾಂಗಲಂ ತೂಪ’, ‘ಚಾಂಗಲೀ ಪೋಳೀ’. ನಾವು ‘ತುಪ್ಪದಾಗ’ ಅಂತೀವಿ, ಮರಾಠಿ ‘ತುಪಾತ’ ಅನ್ನುತ್ತದೆ. ಪ್ರತ್ಯಯ ಹತ್ತಿದ ಕೂಡಲೇ ಊಕಾರ ಹ್ರಸ್ವವಾಗುತ್ತದೆ. ಆ ಹ್ರಸ್ವ ಕಂಡು ‘ಇಗೋ ಕನ್ನಡ’ ಅನ್ನುವ ಹಾಗಿಲ್ಲ, ಯಾಕಂದ್ರ ಅದು ಮರಾಠಿಯದೇ ನಿಯಮ. ಸಂಸ್ಕೃತ ಮೂಲದ ‘ದೂಧ’ ಕೂಡ ‘ದುಧಾತ’ ಆಗುತ್ತದೆ. ಅಂದ್ರ ತೂಪ ಪೂರ್ತಿ ಮರಾಠಿ ಮನೆಯದಾಗಿದೆ. ಹಾಲನ ಪ್ರಾಕೃತ ಗಾಥಾಸಪ್ತಶತಿಯಲ್ಲೂ ‘ತುಪ್ಪ’ ಇದೆ. ಶಬ್ದ ಕನ್ನಡದಿಂದ ನೇರ ಬಂತೋ ಪ್ರಾಕೃತದ ಮೂಲಕ ಬಂತೋ ಎಂಬುದನ್ನು ಪಟ್ಟಿ ಹೇಳಲಾರದು.

ಇದಕ್ಕೆ ಎದುರಾಗಿ ಸಾಂಗ್ಲಿ ಜಿಲ್ಲೆಯ ಕುಪವಾಡದ ಬಗ್ಗೆ ಗಂಪರ್ಜ್ ಮತ್ತು ವಿಲ್ಸನ್ 1971ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಇಡಬಹುದು. ಅಲ್ಲಿ ಕನ್ನಡ, ಮರಾಠಿ, ಉರ್ದು ಮನೆಗಳು ತಂತಮ್ಮ ಶಬ್ದಗಳನ್ನು ಬಿಟ್ಟುಕೊಟ್ಟಿಲ್ಲ. ವಾಕ್ಯರಚನೆ ಮಾತ್ರ ಹೆಚ್ಚುಕಡಿಮೆ ಒಂದೇ ಆಗಿದೆ. ಶಿಷ್ಟ ಮರಾಠಿಯಲ್ಲಿ ‘ನದೀ’ ಸ್ತ್ರೀಲಿಂಗ. ಕುಪವಾಡದ ಮರಾಠಿ ಅದಕ್ಕೆ ನಪುಂಸಕದ ಕ್ರಿಯಾಪದ ಹಚ್ಚುತ್ತದೆ, ನಮ್ಮ ‘ನದಿ ಬಂತು’ ಇದ್ದ ಹಾಗೆ. ಆ ವಾಕ್ಯದಲ್ಲಿ ಕನ್ನಡ ಶಬ್ದ ಒಂದೂ ಇಲ್ಲ, ಕನ್ನಡ ಇದೆ. ಶಬ್ದಪಟ್ಟಿ ತೂಪವನ್ನು ನಮ್ಮದು ಅನ್ನುತ್ತದೆ, ಈ ನದಿಯನ್ನು ಕಾಣುವುದೇ ಇಲ್ಲ.

ಇದು ಬರೀ ವ್ಯಾಕರಣದ ಚರ್ಚೆ ಅಲ್ಲ. 1956ರ ಗಡಿಯಿಂದ ಕಾಗಲ ಒಂದು ಬದಿಗೆ, ನಿಪ್ಪಾಣಿ ಇನ್ನೊಂದು ಬದಿಗೆ ಆದವು. 1967ರ ಮಹಾಜನ ವರದಿಯ ನಂತರವೂ ಜಗಳ ಮುಗಿಯದೆ 2004ರಲ್ಲಿ ಸುಪ್ರೀಂ ಕೋರ್ಟ್ ತಲುಪಿತು. ಇಂಥ ಕಡೆ ‘ಶಬ್ದ ನಮ್ಮದು’ ಎಂಬ ಮಾತು ‘ನೆಲ ನಮ್ಮದು’ ಆಗಲು ತಡವಿಲ್ಲ. ಶಬ್ದ ಎಣಿಸಿದರೆ ಯಾರದು ಎಷ್ಟು ಅಂತ ಗೊತ್ತಾದೀತು. ಜನ ಹ್ಯಾಂಗ ಕೂಡಿ ಬದುಕಿದರು ಅನ್ನುವುದು ವಾಕ್ಯದಲ್ಲಿದೆ. ಕಾಗಲದ ಮಾತನ್ನು ದಾಖಲಿಸುವವರು ಶಬ್ದದ ಜೋಡಿ ಇಡೀ ವಾಕ್ಯ ಬರಕೊಳ್ಳಲಿ ಎಂಬುದಷ್ಟೇ ನನ್ನ ಕೋರಿಕೆ.